ಬಾದಾಮಿ ಟಾರ್ಟ್‌ಗೆ ಎರಡು ಚಮಚ ವೆನಿಲ್ಲಾ

ಐದು ವಾರದ ಹಿಂದೆ ಇದೇ ಜಾಗದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ಬರೆಯುವಾಗ ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗಷ್ಟೇ ರಂಜಾನ್ ತಿಂಗಳು ಶುರುವಾಗಿತ್ತು. ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಗೆಳತಿ ನಸ್ರೀನ್ ಮನೆಯಲ್ಲಿ ಪ್ರತಿ ಹಬ್ಬಕ್ಕೂ ತಿನ್ನುತ್ತಿದ್ದ ಸುರಕುಂಬಾದ ಬಗ್ಗೆ ಬರೆದಿದ್ದೆ. ಗಟ್ಟಿ ಹಾಲು, ಸಣ್ಣ ಶಾವಿಗೆ, ಖರ್ಜೂರ, ಮೇಲೆ ತೇಲುವ ಬಾದಾಮಿ ಚೂರು, ಕೇಸರಿಯ ಘಮ. ನಸ್ರೀನ್‌ಳ ತಾಯಿ, ಅಂದರೆ ಅಮ್ಮಿ, ‘ಇನ್ನಷ್ಟು ಹಾಕ್ಕೋ ಬೇಟಾ’ ಎನ್ನುತ್ತಿದ್ದರು ಅಂತಲೂ. ‘ಕಣ್ಣು ತುಂಬಿ ಬಂತು ಮೇಡಂ’ ಎಂದು ಇಬ್ಬರು ಓದುಗರು ಬರೆದಿದ್ದರು. (ಬರೆಯುವಾಗ ನನಗೂ ಬಂದಿತ್ತು.)

ಈಗ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿರುವ ನಸ್ರೀನ್‌ಳಿಂದ ಮಾತ್ರ ವಾಟ್ಸಾಪ್‌ನಲ್ಲಿ ಒಂದೇ ಸಾಲು ಬಂತು.

‘ಚಂದ ಬರದೀ ವಿಜಿ. ಆದ್ರ ನೀ ಯಾವಾಗ ತಿಂದಿದ್ದಿ?’

ಸಿಟ್ಟು ಬಂತು. ಹದಿನಾರನೇ ವಯಸ್ಸಿನಿಂದ ಡೈರಿ ಬರೆಯುವವಳು ನಾನು. ಹುಬ್ಬಳ್ಳಿಯಿಂದ ಸಿಡ್ನಿಗೆ ಬರುವಾಗ ಕುಕ್ಕರ್ ಬಿಟ್ಟು ಡೈರಿ ತುಂಬಿಕೊಂಡು ಬಂದಿದ್ದೇನೆ ಎಂದು ಗಂಡ ರಘು ಇಂದಿಗೂ ಆಡಿಕೊಳ್ಳುತ್ತಾನೆ. ಎಪ್ಪಿಂಗ್‌ನ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅವು ವ್ಯಾಕ್ಯೂಮ್ ಕ್ಲೀನರ್ ಜೊತೆ ಬೀರು ಹಂಚಿಕೊಂಡಿವೆ. ತೆಗೆದೆ. ಹುಡುಕಿದೆ. ಸಿಕ್ಕಿತು.

‘ರಂಜಾನ್. ನಸ್ರೀನ್ ಮನೆಗೆ ಹೋಗಿದ್ದೆ. ಸುರಕುಂಬಾ. ವಾಪಸ್ ಬರುವಾಗ ಚಪ್ಪಲಿ ಕಿತ್ತುಹೋಯಿತು.’

ಚಪ್ಪಲಿ ಕಿತ್ತುಹೋದದ್ದಕ್ಕೆ ಕ್ರಿಯಾಪದ ಇದೆ. ಸುರಕುಂಬಾಕ್ಕೆ ಇಲ್ಲ. ತಿಂದೆನೋ, ನೋಡಿದೆನೋ, ಹೊತ್ತುಕೊಂಡು ಬಂದೆನೋ? ಇಷ್ಟು ವರ್ಷ ಬರೆದ ಡೈರಿ ಬೇಕಾದಾಗ ಇಷ್ಟೇ ಕೆಲಸಕ್ಕೆ ಬರುವುದಾದರೆ ಬರೆದು ಏನು ಬಂತು?

ಫೋನ್ ಮಾಡಿದೆ.

‘ಒಮ್ಮೆನೂ ತಿಂದಿಲ್ಲ,’ ಎಂದಳು ನಸ್ರೀನ್, ತರಕಾರಿ ರೇಟು ಹೇಳುವ ದನಿಯಲ್ಲಿ. ‘ಡಬ್ಬಿಗೆ ಹಾಕ್ಕೊಡ್ರಿ ಆಂಟಿ, ಮನ್ಯಾಗ ತಿಂತೀನಿ ಅಂತಿದ್ದಿ. ಓಣಿ ಮೂಲ್ಯಾಗ ಹೂ ಮಾರೋ ಶಾಂತವ್ವಗ ಕೊಟ್ಟು ಹೋಗ್ತಿದ್ದಿ.’

‘ನಿನಗ ಯಾರ್ ಹೇಳಿದ್ರು?’

‘ಶಾಂತವ್ವನ ಹೇಳ್ತಿದ್ಲು. ಈ ಸಲ ಸಕ್ರಿ ಕಡಿಮಿ ಆಗಿತ್ತು ನೋಡವಾ ಅಂತ ಅಮ್ಮಿ ಮುಂದನ ಹೇಳಾಕಿ!’

ನಮ್ಮ ಮನೆಯಲ್ಲಿ ಯಾರೂ ‘ಅವರ ಮನೆಯಲ್ಲಿ ತಿನ್ನಬೇಡ’ ಎಂದಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದುದೂ ಈಗ ಮರೆತುಹೋಗಿತ್ತು. ಹಾಗಾದರೆ ಆ ರುಚಿ ಎಲ್ಲಿಂದ ಬಂತು? ಸಿಡ್ನಿಗೆ ಬಂದ ಮೇಲೆ ಯಾರ್‍ಯಾರದೋ ಮನೆಯಲ್ಲಿ ತಿಂದಿದ್ದೇನೆ. ನನ್ನ ಬುದ್ಧಿ ಅಲ್ಲಿಯ ಬಟ್ಟಲನ್ನು ಎತ್ತಿ ಹುಬ್ಬಳ್ಳಿಯ ಓಣಿಯಲ್ಲಿಟ್ಟು, ಮುಂದೆ ನನ್ನನ್ನೇ ಕೂರಿಸಿದೆ.

‘ಅಮ್ಮಿ ಈಗ ಇಲ್ಲೇ ಅದಾರ,’ ಎಂದಳು ನಸ್ರೀನ್. ‘ನಿನ್ನ ಅಂಕಣ ಓದಿ ಹೇಳಿದೆ.’

‘ಏನಂದ್ರು?’

‘ಬರೀಲಿ ಬಿಡು, ಚಂದ ಬರದಾಳ ಅಂದ್ರು.’

ಬೈದಿದ್ದರೆ ಊಟ ಸೇರುತ್ತಿತ್ತು. ಹಬ್ಬ ಮುಗಿಸಿ ಮರುವಾರ ಅಮ್ಮಿ ಹುಬ್ಬಳ್ಳಿಗೆ ಹೊರಡುತ್ತಾರಂತೆ, ವೀಸಾ ಮುಗಿಯಿತು. ವಯಸ್ಸು ಎಂಬತ್ತರ ಹತ್ತಿರ. ಅಷ್ಟರೊಳಗೆ ಹೋಗಬೇಕು, ಎದುರು ಕೂತು ತಪ್ಪಾಯಿತು ಎನ್ನಬೇಕು, ಅವರ ಕೈಯ ಸುರಕುಂಬಾವನ್ನು ಅವರ ಎದುರೇ ತಿನ್ನಬೇಕು. ಇಷ್ಟೇ ಕೆಲಸ. ಎಷ್ಟು ಸುಲಭ!

‘ಹಬ್ಬ ಯಾವತ್ತು?’

‘ಶುಕ್ರವಾರ. ಇಲ್ಲಾಂದ್ರ ಶನಿವಾರ.’

‘ಟಿಕೆಟ್ ಬುಕ್ ಮಾಡ್ಬೇಕು, ಪಕ್ಕಾ ಹೇಳು.’

‘ಚಂದ್ರಗ ಫೋನ್ ಹಚ್ಚಿ ಕೇಳ್ಲೇನು?’

ಚಾಟ್ಸ್‌ವುಡ್‌ನ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಮುಸ್ಲಿಂ ಸಹೋದ್ಯೋಗಿಯನ್ನು ಕೇಳಿದೆ. ‘ಶುಕ್ರವಾರವೇ, ನಮ್ಮ ಮಸೀದಿಯವರು ಲೆಕ್ಕ ಹಾಕಿ ತಿಂಗಳ ಮೊದಲೇ ಹೇಳಿಬಿಟ್ಟಿದ್ದಾರೆ’ ಎಂದ. ಶುಕ್ರವಾರ ಬೆಳಗಿನ ಫ್ಲೈಟ್ ಬುಕ್ ಮಾಡಿದೆ, ವಾಪಸ್ ಶನಿವಾರ ಸಂಜೆ.

ಬರಿಗೈಲಿ ಹೋಗುವುದು ಹೇಗೆ? ‘ಗುಲಾಬ್ ಜಾಮೂನ್ ತರಬ್ಯಾಡ, ಆಗಲೇ ನಾಕು ಆಂಟಿಗಳು ತರಾಕತ್ತಾರ. ಅಮ್ಮಿಗೆ ಹಲ್ಲಿಲ್ಲ, ಮೆತ್ತಗಿಂದು ಏನರ ತಾ’ ಎಂದಿದ್ದಳು ನಸ್ರೀನ್. ಹಾಗೆ ನನ್ನ ತಲೆಗೆ ಹೊಕ್ಕಿದ್ದು ಹಣ್ಣು-ಬಾದಾಮಿಯ ಟಾರ್ಟ್. ಬಿಸ್ಕತ್ತಿನಂಥ ತಳ, ಅದರೊಳಗೆ ಬಾದಾಮಿ ಪುಡಿ, ಬೆಣ್ಣೆ, ಸಕ್ಕರೆ, ಮೊಟ್ಟೆ ಕಲಸಿದ ಮೆತ್ತನೆಯ ಹೂರಣ, ಮೇಲೆ ಪ್ಲಮ್ ಮತ್ತು ಅಂಜೂರ. (ಮೊಟ್ಟೆಯೇ ಅಂತ ಹುಬ್ಬೇರಿಸಬೇಡಿ. ಕೇಕಿನೊಳಗೆ ಹೋದ ಮೊಟ್ಟೆ ಮೊಟ್ಟೆಯಲ್ಲ ಎಂಬುದು ಇಲ್ಲಿ ಕಾಯಂ ವಾಸಕ್ಕೆ ಪಿಆರ್ ಸಿಕ್ಕ ಎಲ್ಲ ಸಸ್ಯಾಹಾರಿಗಳೂ ಒಪ್ಪಿಕೊಂಡ ಒಪ್ಪಂದ.)

ಗುರುವಾರ ರಜೆ ಹಾಕಿ ಬೇಕಿಂಗ್‌ಗೆ ನಿಂತೆ. ಮೊದಲನೆಯ ತಳ ಅವನ್‌ನೊಳಗೆ ಕುಗ್ಗಿ ತಟ್ಟೆಯ ಮಧ್ಯಕ್ಕೆ ಬಂದು ಕೂತಿತು. ಪ್ಲಮ್ ರಸ ಸೋರಿ ಹೊತ್ತಿ ಹೊಗೆಯೆದ್ದು ಸ್ಮೋಕ್ ಅಲಾರ್ಮ್ ಕಿರುಚಿತು. ಮಗಳು ಅನನ್ಯಾ ಹೆಡ್‌ಫೋನ್ ತೆಗೆಯದೆ ‘ಅಮ್ಮಾ, ಜಸ್ಟ್ ಬೈ ಒನ್’ ಎಂದಳು. ರಘು ಟವೆಲ್ ಬೀಸುತ್ತಾ, ‘ಕ್ಷಮೆ ಕೇಳೋಕೆ ಇಷ್ಟೊಂದು ಬೆಣ್ಣೆ ಬೇಕಾ?’ ಎಂದ. ಇವರನ್ನು ಕಟ್ಟಿಕೊಂಡು ಯಾವ ಪ್ರಾಯಶ್ಚಿತ್ತ ತಾನೇ ಆದೀತು?

ಎರಡನೆಯದಕ್ಕೆ ಕೈ ಹಾಕಿದೆ. ರೆಸಿಪಿಯಲ್ಲಿ ಎರಡು ಚಮಚ ಬ್ರ್ಯಾಂಡಿ ಎಂದಿತ್ತು. ನಾನೇನು ದಡ್ಡಿಯೇ? ಬ್ರ್ಯಾಂಡಿ ಬಿಟ್ಟೆ, ಬದಲಿಗೆ ಎರಡು ಚಮಚ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಸುರಿದೆ. ಒಳ್ಳೆಯ ಅಂಗಡಿಯದು. ಹೊಳಪಿಗೆ ಸವರುವ ಜಾಮ್‌ನಲ್ಲಿ ಜೆಲಟಿನ್ ಇಲ್ಲ ಎಂದು ಮೂರು ಸಲ ಓದಿದೆ. ಈ ದೇಶದಲ್ಲಿ ಹನ್ನೊಂದು ವರ್ಷ ಬಿಸ್ಕತ್ತು ಪೊಟ್ಟಣದ ಬೆನ್ನು ಓದಿ ಓದಿ ಪಳಗಿದ ಕಣ್ಣು ನನ್ನದು. ಎಮಲ್ಸಿಫೈಯರ್ 471 ಅಂತ ಕಂಡರೆ ಸಾಕು, ಅದು ಯಾವ ಕೊಬ್ಬಿನಿಂದ ಬಂತೆಂದು ಕಂಪನಿಗೆ ಇಮೇಲ್ ಬರೆಯುವವಳು. ನಾನು ಮಾಡಿದ್ದಕ್ಕಿಂತ ಶುದ್ಧವಾದದ್ದು ಇನ್ನೆಲ್ಲಿದೆ?

ಟಾರ್ಟ್ ಅವನ್‌ನಲ್ಲಿದ್ದಾಗಲೇ ಫೋನ್ ಟಿಂಗ್ ಎಂದಿತು. ‘ಚಂದ್ರ ಕಾಣಲಿಲ್ಲ. ನಮಗ ನಾಳೆನೂ ರೋಜಾ, ಹಬ್ಬ ಶನಿವಾರ. ನನ್ನ ಮೈದುನ ಲೆಕ್ಕ ನಂಬಾಂವ, ಅವನ ಮನ್ಯಾಗ ಮಾತ್ರ ನಾಳೆ ಹಬ್ಬ.’

ಮೈದುನನ ಮನೆ ಅವಳ ಮನೆಯಿಂದ ಎರಡು ಬೀದಿ ಆಚೆ. ಎರಡು ಬೀದಿಗೆ ಎರಡು ಚಂದ್ರ! (ನಗುವ ಹಕ್ಕು ನನಗಿಲ್ಲ. ನನ್ನ ಅತ್ತೆಯ ಏಕಾದಶಿ ಮತ್ತು ನನ್ನ ಅಮ್ಮನ ಏಕಾದಶಿ ಒಂದೇ ದಿನ ಬಂದರೆ ಅದೇ ಒಂದು ಹಬ್ಬ.) ಆದರೆ ಟಾರ್ಟ್‌ಗೆ ಪಂಚಾಂಗ ತಿಳಿಯುವುದಿಲ್ಲವಲ್ಲ. ಒಂದು ದಿನ ಇಟ್ಟರೆ ಅದರ ತಳ ಮೆತ್ತಗಾಗಿ ಉಪ್ಪಿಟ್ಟಾಗುತ್ತದೆ.

ಫ್ಲೈಟ್ ಬದಲಿಸುವ ಹಾಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಟಾರ್ಟನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹಾರಿದೆ. ಮೆಲ್ಬರ್ನ್ ಏರ್‌ಪೋರ್ಟಿನಿಂದ ಕ್ಲೈಡ್ ನಾರ್ತ್‌ಗೆ, ಸಿಡ್ನಿಯಿಂದ ಮೆಲ್ಬರ್ನ್‌ಗೆ ಹಾರುವಷ್ಟೇ ಹೊತ್ತು. ರೋಜಾದಲ್ಲಿದ್ದ ನಸ್ರೀನ್ ತಾನೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ನಾನು ಬಾಯಾರಿಕೆಯಾದರೂ ನೀರು ಕುಡಿಯದೆ ಕೂತೆ.

‘ನಾನೂ ಇವತ್ತು ಉಪವಾಸ ಇರ್ತೀನಿ,’ ಎಂದೆ.

‘ನಿನ್ನ ಉಪವಾಸ ಯಾರಿಗೆ ಬೇಕಾಗೇತಿ? ಅಮ್ಮಿ ಮಾತ್ರಿ ತಗೊಳ್ತಾರ, ರೋಜಾ ಇಲ್ಲ. ಅವರ ಜೊತಿ ಉಣ್ಣು. ಅವರಿಗೂ ಒಬ್ಬಾಕಿನ ಉಂಡು ಬ್ಯಾಸರ ಆಗೇತಿ.’

ಹೀಗೆ, ಹಬ್ಬಕ್ಕೆಂದು ಬಂದವಳು ಹಬ್ಬವಲ್ಲದ ದಿನ, ಮಧ್ಯಾಹ್ನ ಒಂದು ಗಂಟೆಗೆ ಅಮ್ಮಿಯ ಎದುರು ಕೂತಿದ್ದೆ. ಇಡೀ ಮನೆಯಲ್ಲಿ ಉಣ್ಣುವವರು ನಾವಿಬ್ಬರೇ. ಅಮ್ಮಿ ಸಣ್ಣಗಾಗಿದ್ದರು, ಕಣ್ಣು ಮಾತ್ರ ಮೊದಲಿನಷ್ಟೇ ಚೂಪು. ಅನ್ನ, ತೊಗರಿಬೇಳೆ ಸಾರು. ಗಬಗಬ ಉಂಡೆ. ಆಮೇಲೆ ದೊಡ್ಡ ಸಂಭ್ರಮದಿಂದ ಟಾರ್ಟ್ ಕತ್ತರಿಸಿ ಅವರ ತಟ್ಟೆಗಿಟ್ಟೆ. ಅಂಜೂರ ಹೊಳೆಯುತ್ತಿತ್ತು.

ಯೂನಿವರ್ಸಿಟಿಯಲ್ಲಿ ಓದುವ ನಸ್ರೀನ್‌ಳ ಮಗಳು ಝೋಯಾ ಬಂದು ಮೂಸಿ ನೋಡಿದಳು. ಪಾಪ, ರೋಜಾ.

‘ಸ್ಮೆಲ್ಸ್ ಅಮೇಜಿಂಗ್, ಆಂಟಿ. ವೆನಿಲ್ಲಾ? ಎಸೆನ್ಸಾ, ಎಕ್ಸ್‌ಟ್ರಾಕ್ಟಾ?’

‘ಎಕ್ಸ್‌ಟ್ರಾಕ್ಟ್! ಒರಿಜಿನಲ್!’ ಎಂದೆ ಹೆಮ್ಮೆಯಿಂದ.

‘ಓ. ಅದ್ರಲ್ಲಿ ಆಲ್ಕೋಹಾಲ್ ಇರುತ್ತಲ್ವಾ?’

‘ಛೆ ಛೆ. ಪ್ಯೂರ್ ವೆಜ್ ಕಣಮ್ಮಾ!’

ಪ್ಯೂರ್ ವೆಜ್. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅದು ವಿಚಿತ್ರವಾಗಿ ಕೇಳಿಸಿತು. ನಮ್ಮ ಮಡಿಯಲ್ಲಿ ಪಾಸಾದದ್ದು ಎಲ್ಲರ ಮಡಿಯಲ್ಲೂ ಪಾಸು ಎಂದು ನನಗೆ ಹೇಳಿದವರು ಯಾರು? ಅನುಮಾನ ಬೇಡವೆಂದು ರಘುಗೆ ಫೋನ್ ಮಾಡಿ, ಅಡುಗೆಮನೆಯ ಬಾಟಲಿ ತೆಗೆದು ಓದು ಎಂದೆ. ಬುದ್ಧಿಗೇಡಿ ನಾನು, ಸ್ಪೀಕರ್‌ನಲ್ಲಿಟ್ಟಿದ್ದೆ.

‘ಆಲ್ಕೋಹಾಲ್, ಥರ್ಟಿಫೈವ್ ಪರ್ಸೆಂಟ್,’ ಎಂದ ರಘು. ‘ಅಬ್ಬಾ! ವಿಜಿ, ಇದು ವಿಸ್ಕಿಗಿಂತ ಸ್ವಲ್ಪವೇ ಕಡಿಮೆ ಕಣೇ! ನೀನು ಎಷ್ಟು ಹಾಕಿದೆ?’

ಎಲ್ಲರೂ ಒಟ್ಟಿಗೆ ಮಾತಾಡಿದರು. ಬೇಯಿಸಿದರೆ ಹಾರಿಹೋಗುತ್ತದೆ ಎಂದಳು ಝೋಯಾ. ಪೂರ್ತಿ ಹೋಗಂಗಿಲ್ಲ ಎಂದಳು ನಸ್ರೀನ್. ಇಬ್ಬರೂ ಫೋನ್ ತೆಗೆದು ಹುಡುಕತೊಡಗಿದರು, ಇಬ್ಬರಿಗೂ ಅವರವರಿಗೆ ಬೇಕಾದ ಉತ್ತರವೇ ಸಿಕ್ಕಿತು.

ಅಮ್ಮಿ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

‘ನಾ ಇದನ್ನ ತಿನ್ನಂಗಿಲ್ಲ ಬೇಟಾ. ಬ್ಯಾಸರಾ ಮಾಡ್ಕೋಬ್ಯಾಡ. ನಾ ನಿನ್ನಂಗ ಅಲ್ಲ. ತಿನ್ನಂಗಿಲ್ಲ ಅಂದ್ರ ಮುಖದ ಮ್ಯಾಲೆ ಹೇಳಾಕಿ.’

‘ಅಮ್ಮೀ!’ ಎಂದು ನಸ್ರೀನ್ ಗದರಿದಳು.

ಮಾಡಿಕೊಂಡು ಬಂದಿದ್ದ ಕ್ಷಮೆಯ ಭಾಷಣವೆಲ್ಲ ಮರೆತುಹೋಯಿತು. ‘ನಾ ಸುಳ್ಳು ಬರದೆ ಅಮ್ಮಿ. ತಪ್ಪಾತು,’ ಎಂದಷ್ಟೇ ಹೇಳಿದೆ.

‘ಬರದಿದ್ದಕ್ಕ ಏನಿಲ್ಲ. ಕೇಸರಿ ಯಾಕ ಹಾಕಿದಿ? ನಮ್ಮ ಮನ್ಯಾಗ ಕೇಸರಿ ಎಲ್ಲಿತ್ತು?’

‘ನಾ ತಿನ್ನಂಗಿಲ್ಲ ಅಂತ ಗೊತ್ತಿದ್ದೂ ಪ್ರತಿ ವರ್ಷ ಯಾಕ ಕೊಟ್ರಿ?’

‘ಡಬ್ಬಿ ವಾಪಸ್ ಕೊಡಾಕ ಬರ್ತಿದ್ದೆಲ್ಲ? ಬಂದ್ರ ಎರಡು ತಾಸು ಕೂತು ಇಕಿಗೆ ಇಕನಾಮಿಕ್ಸ್ ಹೇಳ್ಕೊಡ್ತಿದ್ದಿ.’

‘ಇಕಿ ನನಗ ಹೇಳ್ಕೊಟ್ಲಾ?’ ನಸ್ರೀನ್ ಫೋನ್ ಕೆಳಗಿಟ್ಟಳು. ‘ನಾ ಇಕಿಗೆ ಹೇಳ್ಕೊಟ್ಟಿದ್ದು!’

ಅಮ್ಮಿ ಅವಳತ್ತ ನೋಡಲಿಲ್ಲ. ಸಾರಿನ ಬಟ್ಟಲು ಎತ್ತಿ ಬದಿಗಿಡುತ್ತಾ ಹೇಳಿದರು: ‘ನಿನ್ನ ಸಲುವಾಗಿ ಹೊಸಾ ಪಾತ್ರಿ ತಂದಿದ್ದೆ. ಮಾಂಸ ಮಾಡಿದ ಪಾತ್ರಿ ಬ್ಯಾಡ ಅಂತ. ಅದೊಂದಕ್ಕ ಬ್ಯಾಸರಾ ಆಗ್ತಿತ್ತು.’

ಅಷ್ಟು ಹೇಳಿ ಅಮ್ಮಿ ಮಾತ್ರೆ ನುಂಗಿ ನಮಾಜಿಗೆ ಎದ್ದರು.

ನಾವು ಇಂಥ ನೆನಪುಗಳನ್ನು ಎಷ್ಟು ಸಲೀಸಾಗಿ ಬರೆಯುತ್ತೇವಲ್ಲ! ನಮ್ಮ ಪೀಳಿಗೆಯವರು ಅಂಕಣಗಳಲ್ಲಿ ತಿಂದ ಸುರಕುಂಬಾವನ್ನೆಲ್ಲ ಕೂಡಿಸಿದರೆ ಹುಬ್ಬಳ್ಳಿಯ ಅಷ್ಟೂ ಹಾಲು ಸಾಲುವುದಿಲ್ಲ. ಅಷ್ಟು ಜನ ನಿಜಕ್ಕೂ ಪಕ್ಕದ ಮನೆಯಲ್ಲಿ ಕೂತು ಉಂಡಿದ್ದರೆ ಊರು ಇವತ್ತು ಹೀಗೆ ಇರುತ್ತಿತ್ತೇ? ನಾನು ಬೇಕೆಂದೇ ಸುಳ್ಳು ಹೇಳಿದ್ದರೆ ಇಷ್ಟು ಕಸಿವಿಸಿ ಆಗುತ್ತಿರಲಿಲ್ಲ. ಒಳ್ಳೆಯವಳಾಗಿ ಕಾಣುವ ಆಸೆಯನ್ನು ನೆನಪು ಎಂದು ನಂಬಿಬಿಟ್ಟಿದ್ದೆ. ಅದೇ ಸಂಕಟ.

ಟಾರ್ಟ್ ಏನಾಯಿತು ಅಂತೀರಾ? ಆ ಸಂಜೆ ಮೈದುನನ ಮನೆಗೆ ಹೋಯಿತು. ಅವನು ‘ಅವನ್‌ನಾಗ ಎಲ್ಲಾ ಹಾರಿಹೋಗಿರ್ತದ ಭಾಭಿ’ ಎನ್ನುತ್ತಾ ಎರಡು ತುಂಡು ತಿಂದ. ಅವನ ಹೆಂಡತಿ ಮುಟ್ಟಲಿಲ್ಲ, ಅವನೊಂದಿಗೆ ಮಾತೂ ಬಿಟ್ಟಳು. ಒಬ್ಬರ ಮನೆಯಲ್ಲಿ ಕ್ಷಮೆ ಕೇಳಲು ಹೋಗಿ ಇನ್ನೊಬ್ಬರ ಮನೆಯಲ್ಲಿ ಜಗಳ ಹಚ್ಚಿ ಬಂದೆ.

ಶನಿವಾರ ಬೆಳಿಗ್ಗೆ ಗಂಡಸರು ನಮಾಜ್ ಮುಗಿಸಿ ಬರುವ ಹೊತ್ತಿಗೆ ಅಮ್ಮಿ ಸುರಕುಂಬಾ ಬಡಿಸಿದರು. ಎಲ್ಲರಿಗೂ ಬಡಿಸುವ ಪಾತ್ರೆಯಿಂದಲೇ. ಎರಡು ಬಟ್ಟಲು ತಿಂದೆ. ಝೋಯಾ ಫೋಟೋ ತೆಗೆದಳು, ಆದ್ದರಿಂದ ಸಾಕ್ಷಿ ಇದೆ. ರುಚಿ ಹೇಗಿತ್ತೆಂದು ಬರೆಯುವುದಿಲ್ಲ. ಆ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಹೋಗಿದೆ.

ಹೊರಡುವಾಗ ಅಮ್ಮಿ ಬಾಗಿಲ ತನಕ ಬಂದರು.

‘ಇದನ್ನೂ ಬರೀತಿಯೇನು?’

‘ಬರೀಬೇಕಲ್ಲ ಅಮ್ಮಿ. ತಿದ್ದಬೇಕು.’

‘ಬರಿ. ಈ ಸಲ ನಸ್ರೀನ್‌ಗ ಮೊದಲ ತೋರಿಸಿ ಬರಿ.’

ತೋರಿಸಿದೆ. ಮೂರು ಕಡೆ ‘ಸುಳ್ಳು’ ಎಂದು ಗುರುತು ಹಾಕಿ ಕಳಿಸಿದ್ದಾಳೆ. ಎರಡನ್ನು ತಿದ್ದಿದ್ದೇನೆ.