ಹರಿಹರದ ಕೋರ್ಟಿನಲ್ಲಿ ಅಕ್ಕನ ಡಿಕ್ರಿ

ನಮ್ಮ ಮನೆಯಲ್ಲಿ ನನ್ನ ಬಾಯಿಗೆ ಬೆಲೆ ಇಲ್ಲ. ಯಾಕೆಂದರೆ ಅದರಿಂದ ಬರುವ ಧ್ವನಿ ಯಾವತ್ತೂ ನನ್ನದಾಗಿರುವುದಿಲ್ಲ. ಬೆಳಿಗ್ಗೆ ಹಾಲಿನವನದು, ಮಧ್ಯಾಹ್ನ ನಾನು ಕೆಲಸಕ್ಕಿರುವ ದಾವಣಗೆರೆಯ ಬಟ್ಟೆ ಅಂಗಡಿಯ ಸಾಹುಕಾರರದು, ಸಂಜೆ ಪಕ್ಕದ ಮನೆಯ ಅಜ್ಜಿಯದು. ಗಣಪತಿ ಪೆಂಡಾಲುಗಳಲ್ಲಿ ಮಿಮಿಕ್ರಿಗೆ ಕರೆದು, ಕೊನೆಗೆ ಒಂದು ಶಾಲು ಹೊದಿಸಿ, ಮಂಡಕ್ಕಿ ಮಿರ್ಚಿ ಕೊಟ್ಟು ಕಳಿಸುತ್ತಾರೆ. ನನ್ನ ಸ್ವಂತ ಧ್ವನಿ ಹೇಗಿದೆ ಎಂದು ಅಕ್ಕನನ್ನು ಕೇಳಿದರೆ, ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಹಾಗೆ ಎನ್ನುತ್ತಾಳೆ. ಅಂಥ ನನ್ನನ್ನೇ ಅವಳು ಕೋರ್ಟಿಗೆ ಜೊತೆಗೆ ಕರೆದಳು. ನಂಬಿಕೆಯಿಂದಲ್ಲ. ಅಂಗಡಿಯಲ್ಲಿ ನಾನಿಲ್ಲದಿದ್ದರೆ ವ್ಯಾಪಾರ ಇನ್ನೂ ಚೆನ್ನಾಗಿ ಆಗುತ್ತದೆ ಎಂದು ಸಾಹುಕಾರರು ತಕ್ಷಣ ರಜೆ ಕೊಟ್ಟರು, ಅದಕ್ಕೆ.

ಕೆಲಸ ಸಣ್ಣದು. ಅಕ್ಕನಿಗೆ ಡೈವರ್ಸ್ ಆಗಿ ಕೆಲವು ವರ್ಷಗಳಾಗಿದ್ದವು. ಮನೆಯಲ್ಲೇ ಮಷೀನು ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದಳು. ಈಗ ಮಾಯಕೊಂಡದಿಂದ ಒಂದು ಸಂಬಂಧ ಬಂದಿತ್ತು. ಅವರದು ಗೊಬ್ಬರ, ಬೀಜದ ಅಂಗಡಿ, ಹೆಂಡತಿ ತೀರಿಕೊಂಡಿದ್ದರು. ಮಾತು ಬಹಳ ಕಡಿಮೆ, ಹಾಗಾಗಿ ಅವರನ್ನು ಅಣಕಿಸಲು ನನಗೆ ಏನೂ ಸಿಗುತ್ತಿರಲಿಲ್ಲ. ಬರೀ ಹೆಸರಿಟ್ಟು ಸಮಾಧಾನ ಮಾಡಿಕೊಂಡೆ: ಭಾವಿ ಭಾವ. ಹಳೆಯವರು ಮಾಜಿ ಭಾವ. ಭಾವಿ ಭಾವ ಎರಡನೇ ಸಲ ಮನೆಗೆ ಬಂದಾಗ ಅಕ್ಕನ ಮಷೀನಿನ ಬೆಲ್ಟು ಕಳಚಿಕೊಂಡಿತ್ತು. ಯಾರೂ ಹೇಳದೆ ನೆಲಕ್ಕೆ ಕೂತು ಅದನ್ನು ಸರಿ ಮಾಡಿ, ಕೈ ಒರೆಸಿಕೊಂಡು ಕಾಫಿ ಕುಡಿದು ಹೋದರು. ಅವತ್ತಿನಿಂದ ಅಕ್ಕ ಹೊಲಿಯುವಾಗ ಏನೋ ಗುನುಗುತ್ತಿದ್ದಳು. ನಮ್ಮವ್ವ ಅಡುಗೆಮನೆಯಿಂದ ಬಂದು ಬಾಗಿಲ ಹತ್ತಿರ ನಿಂತು ಅದನ್ನು ಕೇಳಿ ಹೋಗುತ್ತಿದ್ದಳು.

ಭಾವಿ ಭಾವನನ್ನು ಸಾಕಿದ ಸೋದರತ್ತೆಯದು ಒಂದೇ ಷರತ್ತು. ಅದನ್ನು ನಾನು ಕಣ್ಣು ಸಣ್ಣ ಮಾಡಿ, ಕುತ್ತಿಗೆ ಮುಂದೆ ಚಾಚಿ ದಿನಕ್ಕೆ ಹಲವು ಸಲ ಹೇಳುತ್ತಿದ್ದೆ: "ಹುಡುಗಿ ಚಲೋ ಐತೆ, ನಂದೇನೂ ತಕರಾರಿಲ್ಲ. ಕೋರ್ಟಿನ ಕಾಗದ ಕಣ್ಣಿಗೆ ಬೀಳ್ಲಿ, ಆಮ್ಯಾಲೆ ಎಲೆ ಅಡಿಕೆ ತಟ್ಟೆ ಮುಟ್ತೀನಿ."

ಆ ಕಾಗದ, ಅಂದರೆ ಡೈವರ್ಸ್ ಆಯಿತೆಂಬ ಕೋರ್ಟಿನ ಡಿಕ್ರಿ, ನಮ್ಮ ಹತ್ತಿರ ಇರಲಿಲ್ಲ. ಕೇಸು ನಡೆಸಿದ ವಕೀಲರು ತೀರಿಕೊಂಡಿದ್ದರು. ಅವರ ಆಫೀಸಿನ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ದಾವಣಗೆರೆಯ ಕೋರ್ಟಿನಲ್ಲಿ ವಿಚಾರಿಸಿದಾಗ, ಅರ್ಜಿ ಹಾಕಿದ್ದು ಮಾಜಿ ಭಾವನ ಊರ ಕಡೆ, ಹರಿಹರದಲ್ಲಾದರೆ ನಕಲೂ ಅಲ್ಲೇ ಸಿಗುತ್ತದೆ ಎಂದರು. ಬಸ್ಸು ಹತ್ತಿದೆವು.

ಹರಿಹರದ ಕೋರ್ಟಿನಲ್ಲಿ ನಕಲು ಕೊಡುವ ಗುಮಾಸ್ತರನ್ನು ನೋಡಿದ ಕೂಡಲೇ ನನಗೆ ಹಬ್ಬವಾಯಿತು. ಕನ್ನಡಕ ಮೂಗಿನ ತುದಿಯಲ್ಲಿ, ಬಾಯಲ್ಲಿ ಅಡಿಕೆ, ಮಾತು ಮಾತ್ರ ಗಂಟಲಿನ ಹಿಂದಿನಿಂದ.

"ಕೇಸ್ ನಂಬರ್?"

"ಗೊತ್ತಿಲ್ರಿ," ಎಂದಳು ಅಕ್ಕ.

"ವರ್ಷ?"

ಅಕ್ಕ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

"ನಂಬರ್ ಇಲ್ಲ, ವರ್ಷ ಇಲ್ಲ, ಡಿಕ್ರಿ ಬೇಕು. ಹೋಟ್ಲಿಗೆ ಹೋಗಿ, ಏನಾರ ಒಂದು ಕೊಡ್ರಿ ಅಂದಂಗಾತು ಇದು. ಹೆಸ್ರು ಬರ್ದು ಅರ್ಜಿ ಕೊಟ್ಟು ಹೋಗ್ರಿ. ಹುಡುಕಿಸ್ತೀನಿ. ಮುಂದಿನ ವಾರ ಬರ್ರಿ."

ಮುಂದಿನ ವಾರ ಹೋದರೆ ಕಡತ ರೆಕಾರ್ಡ್ ರೂಮಿನಿಂದ ಬಂದಿರಲಿಲ್ಲ. ಮತ್ತೊಂದು ವಾರ, ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆಯೋ ಅವರು ರಜೆಯ ಮೇಲಿದ್ದರು. ಪ್ರತಿ ಸಲ ಹೊರಗೆ ಬಂದು ಮರದ ಕೆಳಗೆ ನಿಂತು ನಾನು ಗುಮಾಸ್ತರಾಗುತ್ತಿದ್ದೆ. "ನಂಬರ್ ಇಲ್ಲ, ವರ್ಷ ಇಲ್ಲ, ಗಂಡ ಬ್ಯಾಡ. ಇಡ್ಲಿ ಬೇಕೋ ವಡೆ ಬೇಕೋ?" ಅಕ್ಕ ವೇಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಮುಚ್ಚಲೇ, ಕೇಳಿಸ್ತು ಅಂದ್ರೆ ಇನ್ನೊಂದು ವಾರ ಅಲೆಸ್ತಾರೆ." ನಗುತ್ತಲೇ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದೆವು. ಸತ್ಯ ಹೇಳಬೇಕೆಂದರೆ ಆ ಅಲೆದಾಟ ಇಬ್ಬರಿಗೂ ಇಷ್ಟವಾಗಿತ್ತು. ಮುಗಿದ ಕೆಲಸಕ್ಕೆ ಒಂದು ಚೀಟಿ ತರುವುದಷ್ಟೇ ಉಳಿದಿತ್ತಲ್ಲ.

ಮುಂದಿನ ಸಲ ಹೋದಾಗ ಗುಮಾಸ್ತರು ಅಡಿಕೆ ಉಗುಳಿ ಬಂದರು. ಪಕ್ಕದ ಕುರ್ಚಿಯ ಮೇಲಿದ್ದ ಫೈಲುಗಳನ್ನು ತಾವೇ ಎತ್ತಿ ಕೆಳಗಿಟ್ಟರು. "ಕೂಡ್ರಿ ತಂಗಿ," ಎಂದರು. ಸರ್ಕಾರಿ ಕಚೇರಿಯಲ್ಲಿ ಬಂದವರಿಗೆ ಕುರ್ಚಿ ಕೊಡುತ್ತಾರೆಂದರೆ ಅದಕ್ಕೊಂದು ಕಾರಣ ಇರುತ್ತದೆ.

"ಡಿಕ್ರಿ ಇಲ್ಲಮ್ಮ."

"ಕಳ್ದು ಹೋಗೈತೇನ್ರಿ?"

"ಕಳೀಬೇಕಂದ್ರೂ ಮೊದ್ಲು ಆಗಿರಬೇಕಲ್ಲ. ಆಗೇ ಇಲ್ಲ."

ಕಡತ ತೆರೆದು ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳುವ ಹಾಗೆ ವಿವರಿಸಿದರು. "ಇಬ್ರೂ ಒಪ್ಪಿ ಅರ್ಜಿ ಹಾಕಿದೀರಿ. ಜಡ್ಜ್ ಮುಂದೆ ಬಂದು ಸೈ ಮಾಡಿದೀರಿ. ಅದು ಬರೀ ಮೊದಲ್ನೇ ಸಲದ್ದು. ಆರು ತಿಂಗ್ಳು ಬಿಟ್ಟು ಇಬ್ರೂ ಮತ್ತೆ ಬಂದು, ಹೌದು, ನಮ್ಗೆ ಬ್ಯಾಡ ಅಂತ ಇನ್ನೊಂದ್ಸಲ ಹೇಳಬೇಕಿತ್ತು. ಒಬ್ರೂ ಬಂದಿಲ್ಲ. ಕರೆಸಿದಾರೆ, ಕಾದಿದಾರೆ. ಕೊನಿಗೆ ಅರ್ಜಿ ವಜಾ ಆಗೈತೆ."

"ಹಂಗಂದ್ರೆ ನಾನು..." ಎಂದಳು ಅಕ್ಕ.

"ಕಾಗದದ ಪ್ರಕಾರ ಇನ್ನೂ ಅವ್ರ ಹೆಂಡ್ತೀನೇ."

ಮಾಜಿ ಭಾವ ಮಾಜಿಯೇ ಅಲ್ಲ, ಹಾಲಿ. ಬೇರೆ ದಿನವಾಗಿದ್ದರೆ ಈ ಮಾತನ್ನು ರಾಜಕಾರಣಿಯೊಬ್ಬನ ಧ್ವನಿಯಲ್ಲಿ ಹೇಳಿ ಇಡೀ ಬಸ್ಸನ್ನು ನಗಿಸುತ್ತಿದ್ದೆ. ಅವತ್ತು ನಾಲಿಗೆಯ ತುದಿಗೆ ಬಂತು, ನುಂಗಿದೆ.

ಇದು ಹೇಗಾಯಿತೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕೋರ್ಟಿನಲ್ಲಿ ಸೈ ಮಾಡಿದ ಸ್ವಲ್ಪ ದಿನಕ್ಕೆ ನಂದಿಗುಡಿಯ ನಮ್ಮ ದೊಡ್ಡಪ್ಪನ ಜಗಲಿಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದರು. ಅಕ್ಕನ ಪಾತ್ರೆ, ಬೀರು, ಬಂಗಾರ ವಾಪಸು ಬಂದವು; ಅವರ ಉಂಗುರ, ವಾಚು ವಾಪಸು ಹೋದವು. ದೊಡ್ಡಪ್ಪ ಒಂದು ವೀಳ್ಯದೆಲೆಯನ್ನು ನಡುವೆ ಸೀಳಿ ಅರ್ಧ ಅಕ್ಕನಿಗೆ, ಅರ್ಧ ಅವರಿಗೆ ಕೊಟ್ಟು, "ಇಲ್ಲಿಗೆ ಮುಗೀತು. ಯಾರೂ ಯಾರ ಬಗ್ಗೆ ಕೆಟ್ಟ ಮಾತಾಡಬಾರ್ದು," ಎಂದಿದ್ದರು. ಎಲ್ಲರೂ ಉಂಡು ಎದ್ದಿದ್ದರು. ಅವತ್ತಿನಿಂದ ನಮ್ಮ ಲೆಕ್ಕದಲ್ಲಿ ಅದು ಮುಗಿದಿತ್ತು, ಅವರ ಲೆಕ್ಕದಲ್ಲೂ.

ಮರದ ಕೆಳಗೆ ನಿಂತು ದೊಡ್ಡಪ್ಪನಿಗೆ ಫೋನು ಹಚ್ಚಿದೆ. ಆರು ತಿಂಗಳ ಮೇಲೆ ವಕೀಲರು ಏನಾದರೂ ಹೇಳಿ ಕಳಿಸಿದ್ದರೇ ಎಂದು ಕೇಳಿದೆ.

"ಕಳಿಸಿದ್ರು ಕಣಪ್ಪ. ಇಂಥ ದಿನ ಬರ್ಬೇಕು ಅಂದ್ರು. ನಾನೇ ಬ್ಯಾಡ ಅಂದೆ. ಹಿರೇರು ಕುಂತು ಎಲೆ ಸೀಳಿದ ಮ್ಯಾಲೆ ಮತ್ತೆ ಅಲ್ಲಿಗೆ ಯಾಕ? ಆ ಹುಡುಗನ ಮಖ ನೋಡಿದ್ರೆ ಆಕಿ ಇನ್ನೊಂದ್ಸಲ ಅಳ್ತಾಳೆ ಅಂತ, ನಿಮಗ್ಯಾರಿಗೂ ಹೇಳ್ಲೇ ಇಲ್ಲ ನಾನು. ಅವ್ರ ಕಡೇರೂ ಹೂಂ ಅಂದ್ರು. ಯಾಕ, ಈಗೇನಾತು?"

ನಾನು ಹೇಳಿದೆ. "ಅವತ್ತು ಜಗಲಿ ತುಂಬ ಜನ ಇದ್ರಲ್ಲೋ. ಎಲ್ರನ್ನೂ ಕರ್ಕಂಡು ಬರ್ತೀನಿ. ಜಡ್ಜ್ ಮುಂದೆ ನಾನೇ ಹೇಳ್ತೀನಿ, ಎಲೆ ಸೀಳಿದ್ದು ಇದೇ ಕೈ ಅಂತ," ಎಂದರು. ಅಕ್ಕ ಫೋನು ಇಸಿದುಕೊಂಡಳು. "ಬ್ಯಾಡ ದೊಡ್ಡಪ್ಪ. ಏನೂ ಆಗಿಲ್ಲ. ನಿಮ್ದು ಊಟ ಆತಾ?" ಎಂದಳು.

ಗುಮಾಸ್ತರು ದಾರಿಯನ್ನೂ ಹೇಳಿದ್ದರು. ಇಬ್ಬರೂ ಮತ್ತೆ ಒಪ್ಪಿ ಬಂದರೆ ಹೊಸ ಅರ್ಜಿ ಹಾಕಬಹುದು. ಒಬ್ಬರೇ ಬಂದರೆ ಅದು ಜಗಳದ ಕೇಸಾಗುತ್ತದೆ; ಯಾವಾಗ ಮುಗಿಯುತ್ತದೆಂದು ಕೇಳಬೇಡಿ. ಹಾಗಾಗಿ ಅವತ್ತೇ ಹರಿಹರದ ಪಕ್ಕದ ಗುತ್ತೂರಿಗೆ ಹೋದೆವು. ಮಾಜಿ ಭಾವ, ಹಳೆಯ ಅಭ್ಯಾಸ, ಹಾಗೇ ಕರೆಯುತ್ತೇನೆ, ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮತ್ತೆ ಮದುವೆಯಾಗಿದ್ದರು, ಮಗಳಿದ್ದಳು. ಗೇಟಿನ ಎದುರಿನ ಚಹಾದಂಗಡಿಗೆ ಕರೆಸಿದೆ.

ಮಾತಿಗೆ ಮುಂಚೆ ಎಂಜಲು ನುಂಗುವುದು ಅವರ ಪದ್ಧತಿ. ಅದನ್ನು ನಾನು ಅಕ್ಕನ ಮದುವೆಯ ದಿನವೇ ಕಲಿತಿದ್ದೆ. ನಾನು ವಿಷಯ ಹೇಳುತ್ತಿದ್ದಂತೆ ಅವರು ನುಂಗುತ್ತಲೇ ಹೋದರು. ಚಹಾ ಬಂತು. ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು, ಬಸಿಯನ್ನು ಅಕ್ಕನ ಕಡೆ ಸರಿಸಿದರು. ಸರಿಸಿದ ಮೇಲೆ ತಾವೇ ಗಾಬರಿಯಾದರು. ಅಕ್ಕ ಬಸಿಯನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ.

"ಹೊಸ ಅರ್ಜಿಗೆ ಸೈ ಹಾಕಿದ್ರೆ," ಎಂದರು ಕೊನೆಗೆ, "ಇಷ್ಟು ದಿನ ಈ ಮದ್ವೆ ಇತ್ತು ಅಂತ ನಾನೇ ಒಪ್ಕಂಡಂಗಾಗ್ತೈತೆ. ಹಂಗಾದ್ರೆ ಮನ್ಯಾಗಿರೋಳು ನನ್ಗೆ ಏನಾಗ್ಬೇಕು? ಮಗಳು ಈ ವರ್ಷ ಸ್ಕೂಲಿಗೆ ಸೇರ್ಯಾಳೆ."

"ನಾವು ಬೇಕಂತ ಮಾಡಿದ್ದಲ್ಲ, ಭಾವ," ಎಂದೆ.

"ನಾನೇನು ಬೇಕಂತ ಮಾಡಿದ್ನಾ? ನನ್ಗೂ ಅರ್ಧ ಎಲೆ ಕೊಟ್ಟಿದ್ರಲ್ಲೋ." ಅಕ್ಕನ ಕಡೆ ತಿರುಗಿದರು. "ನನ್ ಮ್ಯಾಲೆ ಕಂಪ್ಲೇಂಟ್ ಕೊಡ್ತೀಯೇನು?"

"ಕೊಟ್ರೆ ನನ್ಗೇನು ಸಿಗ್ತೈತೆ? ನಿಮ್ಮ ಮಗಳ ಶಾಪ," ಎಂದಳು ಅಕ್ಕ. "ಸೈ ಬೇಕು ಅಷ್ಟೇ."

"ಮನ್ಯಾಗೆ ಹೆಂಗೆ ಹೇಳ್ಲಿ ಅಂತ ತಿಳಿವಲ್ದು. ವಕೀಲರನ್ನ ಕೇಳ್ತೀನಿ. ಸ್ವಲ್ಪ ಟೈಮ್ ಕೊಡ್ರಿ." ಕಾರ್ಖಾನೆಯ ಸೈರನ್ ಕೂಗಿತು. ಟಿಫಿನ್ ಚೀಲ ಎತ್ತಿಕೊಂಡು ಹೋದವರು ಗೇಟಿನ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದರು. ಬೈಯಬೇಕೆಂದು ನನ್ನ ಬಾಯಿ ತಯಾರಾಗಿತ್ತು. ಯಾರಿಗೆ ಬೈಯುವುದೆಂದು ಗೊತ್ತಾಗಲಿಲ್ಲ. ದೊಡ್ಡಪ್ಪನದು ಮಮತೆ, ಇವರದು ಭಯ, ಕೋರ್ಟಿನದು ಕಾಯಿದೆ.

ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಫೋನು ಬಡಿದುಕೊಂಡಿತು. ಮಾಯಕೊಂಡದಿಂದ ಭಾವಿ ಭಾವ. ಅವಳು ಅದನ್ನು ನನ್ನ ಕೈಗೆ ತುರುಕಿದಳು. "ನೀನೇ ಹೇಳು. ಮೆಲ್ಲಗೆ ಹೇಳು."

ನನಗೆ ಮೆಲ್ಲಗೆ ಹೇಳಲು ಬರುವುದಿಲ್ಲ. ಸ್ಪೀಕರ್ ಹಾಕಿ ಬಾಯಿ ತೆರೆದರೆ ಗುಮಾಸ್ತರ ಧ್ವನಿ ಬಂತು. "ಕೂಡ್ರಿ ಅಂದ್ರು ನೋಡ್ರಿ, ಡಿಕ್ರಿ ಇಲ್ಲಮ್ಮ ಅಂದ್ರು..." ಭಾವಿ ಭಾವ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇನ್ನೊಂದು ವಾರ ಅಂದ್ರಾ? ಹೋಗ್ಲಿ ಬಿಡ್ರಿ, ನಾವೇನು ಓಡಿ ಹೋಗಲ್ಲ," ಎಂದರು. ಮುಂದೆ ಹೇಳಲು ನನ್ನ ಹತ್ತಿರ ಯಾರ ಧ್ವನಿಯೂ ಉಳಿದಿರಲಿಲ್ಲ.

ಅಕ್ಕ ಫೋನು ಕಸಿದುಕೊಂಡಳು. "ಅವ್ನು ತಮಾಷೆ ಮಾಡ್ತಿಲ್ಲ. ನಂದು ಡೈವರ್ಸ್ ಆಗಿಲ್ವಂತೆ ರೀ. ಎರಡನೇ ಸಲ ಕೋರ್ಟಿಗೆ ಹೋಗ್ಬೇಕಿತ್ತು, ನಮ್ಗೆ ಗೊತ್ತಿರ್ಲಿಲ್ಲ. ಅರ್ಜಿ ವಜಾ ಆಗೈತೆ."

ಆ ಕಡೆ ಅಂಗಡಿಯ ಸದ್ದು ಕೇಳಿಸುತ್ತಿತ್ತು. ಯಾರೋ "ಯೂರಿಯಾ ಬಂದೈತೇನಣ್ಣ?" ಎಂದರು. ಅವರು "ತಡಿ" ಎಂದರು.

"ಆ ಕಡೇರು ಮತ್ತೆ ಸೈ ಮಾಡ್ತಾರಾ?"

"ಗೊತ್ತಿಲ್ಲ. ಕೇಳಿ ಬಂದ್ವಿ."

"ಎಷ್ಟು ದಿನ ಆಗ್ತೈತೆ?"

"ಗೊತ್ತಿಲ್ಲ ರೀ."

"ಅತ್ತೆಗೆ ಏನಂತ ಹೇಳ್ಲಿ ನಾನು?"

ಯೂರಿಯಾದವನು ಮತ್ತೆ ಕೂಗಿದ. ಅವರು, "ಗಿರಾಕಿ ಅದಾರೆ. ಆಮೇಲೆ ಮಾಡ್ತೀನಿ," ಎಂದು ಇಟ್ಟರು.

ದಾವಣಗೆರೆಯ ಬಸ್ಸು ಬಂತು. ಸೀಟು ಖಾಲಿ ಇದ್ದವು. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿ ಮೆಟ್ಟಿಲ ಮೇಲೆ ಕಾಲಿಟ್ಟೆ. ಅಕ್ಕ ಕಲ್ಲಿನ ಮೇಲೆ ಕೂತಲ್ಲಿಂದ ಏಳಲಿಲ್ಲ.

"ಬಾರೇ, ಹೊತ್ತಾಗ್ತೈತೆ."

"ಬಸ್ಸಿನ ಗದ್ದಲದಾಗೆ ಫೋನ್ ಬಂದ್ರೆ ಕೇಳ್ಸಲ್ಲ," ಎಂದಳು. "ಮುಂದಿನದಕ್ಕೆ ಹೋಗಾಣ."

ಕಂಡಕ್ಟರ್ ಬೈದು ಸೀಟಿ ಊದಿದ. ನಾನು ಇಳಿದು ಬಂದು ಅವಳ ಪಕ್ಕದಲ್ಲಿ ಕೂತೆ. ಮುಂದಿನ ಬಸ್ಸೂ ಬಂತು, ಹೋಯಿತು.