ವೈರು ಬಿಚ್ಚಿದ ಮೇಲೆ

ನನ್ನ ಅತ್ತಿಗೆ ದಿನವಿಡೀ ಕಂಡವರ ಹತ್ತಿರ ಕ್ಷಮೆ ಕೇಳಿ ಸಂಸಾರ ತೂಗಿಸುವವಳು. ತಪ್ಪು ಅವಳದಲ್ಲ. ಯಾರದೋ ಮನೆಯ ವಾಷಿಂಗ್ ಮಷೀನು ನೀರು ಕಾರಿದರೆ, ಯಾರದೋ ಫ್ರಿಜ್ಜು ತಣ್ಣಗಾಗದಿದ್ದರೆ ಅವರು ಕಂಪನಿಗೆ ಫೋನ್ ಮಾಡುತ್ತಾರೆ. ಆ ಫೋನು ಬಂದು ಸೇರುವುದು ನಮ್ಮ ಅಣ್ಣನ ಮನೆಯ ಹಳೆಯ ಕಂಪ್ಯೂಟರಿಗೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೈಗುಳವನ್ನೆಲ್ಲ ಕೇಳಿಸಿಕೊಂಡು, "ನಿಮಗಾದ ತೊಂದರೆಗೆ ಕ್ಷಮೆ ಇರಲಿ, ದಯವಿಟ್ಟು ಲೈನಿನಲ್ಲೇ ಇರಿ" ಎನ್ನುವುದು ಅವಳ ಹೊಟ್ಟೆಪಾಡು. ನಾನಾಗಿದ್ದರೆ ಎರಡನೇ ದಿನವೇ ಯಾರಿಗಾದರೂ ತಿರುಗಿ ಬೈದು ಕೆಲಸ ಕಳೆದುಕೊಳ್ಳುತ್ತಿದ್ದೆ.

ಅಣ್ಣ ಬಟ್ಟೆ ಅಂಗಡಿಯ ಕೌಂಟರಿನಲ್ಲಿದ್ದವನು. ಅಲ್ಲಿ ಎಲ್ಲರೂ ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಸುಮ್ಮನೆ ನೋಡಿ ಹೋಗಲು ಬಂದವರ ಕೈಗೂ ಎರಡು ಮೀಟರ್ ಕತ್ತರಿಸಿ ಕೊಟ್ಟು ಕಳಿಸುತ್ತಿದ್ದ. ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು, ಬಾಯಿಗೆ ಬೀಗ ಬಿತ್ತು. ಅಂಥವನ ಮಾತನ್ನೇ ಕಿತ್ತುಕೊಂಡ ದೇವರ ಮೇಲೆ ನನಗಿನ್ನೂ ಸಿಟ್ಟಿದೆ.

ಅವನ ಮಂಚವನ್ನು ಹಜಾರದಲ್ಲಿ ಹಾಕಿದರು. ಕಿಟಕಿಯ ಸಂದಿಯಿಂದ ಬಂದ ಇಂಟರ್ನೆಟ್ಟಿನ ನೀಲಿ ವೈರು ಮಂಚದ ಪಕ್ಕದ ಮೇಜಿನ ತನಕ ಮಾತ್ರ ಎಟುಕುತ್ತಿತ್ತು. ಹೀಗಾಗಿ ಅತ್ತಿಗೆ ಕೆಲಸಕ್ಕೆ ಕೂರುವುದು ಗಂಡನ ಮಗ್ಗುಲಲ್ಲೇ ಆಯಿತು. ಅವಳು ಕ್ಷಮೆ ಕೇಳುವುದು, ಅವನು ಅವಳ ಬಾಯಿ ನೋಡುವುದು. ಹಾಗೆ ನೋಡುತ್ತ ನೋಡುತ್ತ ಒಂದು ದಿನ ಅವನ ಬಾಯಿಂದ "ಲೈನಲ್ಲಿ" ಎಂದು ಬಂತು.

ಮಾತು ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಟೀಚರ್ ಬೆಕ್ಕಿನ ಚಿತ್ರ, ಬಟ್ಟಲಿನ ಚಿತ್ರ ಹಿಡಿದು ಗಂಟಲು ಹರಿದುಕೊಂಡರೂ ಬಾಯಿ ಬಿಡದವನು, ಹೆಂಡತಿಯ ಜೊತೆ ಜೊತೆಗೇ "ದಯವಿಟ್ಟು" ಎನ್ನತೊಡಗಿದ. ನೀರು ಬೇಕಾದರೆ "ಕ್ಷಮೆ ಇರಲಿ" ಎನ್ನುತ್ತಿದ್ದ. ಊಟಕ್ಕೆ ತಡವಾದರೆ "ಲೈನಲ್ಲೇ ಇರಿ" ಎನ್ನುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಅವನೂ ಬಾಯಿಯ ಒಂದು ಬದಿಯಿಂದ ನಗುತ್ತಿದ್ದ. ಮಾತು ಮರಳಿತು ಎಂದೇ ನಾನು ನಂಬಿಬಿಟ್ಟೆ.

ಆದರೆ ಕಂಪನಿಯವರು ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ಹೆಂಗಸಿನ ದನಿಯ ಹಿಂದೆ ಗಂಡಸೊಬ್ಬ ತೊದಲುವುದು ಅವರಿಗೆ ಕೇಳಿಸಿತು. ಗಿರಾಕಿಯೊಬ್ಬ, ತನ್ನನ್ನು ಅಣಕಿಸುತ್ತಿದ್ದಾರೆ ಎಂದು ದೂರು ಕೊಟ್ಟ. ಅತ್ತಿಗೆಯ ಮೇಲಧಿಕಾರಿ ಒಮ್ಮೆ ಎಚ್ಚರಿಕೆ ಕೊಟ್ಟಳು, ಎರಡನೇ ಸಲವೂ ಕೊಟ್ಟಳು. ಮೂರನೆಯದಕ್ಕೆ ಕೆಲಸ ಇಲ್ಲ ಎಂದಳು. ಅತ್ತಿಗೆ ಗಂಡನ ಬಾಯಿಯ ಮೇಲೆ ಕೈ ಇಟ್ಟು "ಸ್ವಲ್ಪ ಸುಮ್ನಿರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಗೋಗರೆಯುವುದನ್ನು ನಾನೇ ಕಣ್ಣಾರೆ ನೋಡಿದೆ. ಗಂಡ ಮಾತಾಡಲಿ ಎಂದು ದೇವರನ್ನು ಬೇಡಿದ ಬಾಯಿಂದಲೇ ಆ ಮಾತು ಬಂತು.

ಕೊನೆಗೆ, ಅತ್ತಿಗೆ ಒಳಕೋಣೆಯಲ್ಲಿ ಕೂರುವಂತಾಗಲೆಂದು, ವೈರ್‌ಲೆಸ್ ಹಾಕಿಸುವುದೆಂದಾಯಿತು. "ವೈರು ಹೋದ್ರೆ ಮನೇಲಿರೋ ವೈರಾನೂ ಹೋಗುತ್ತೆ ಬಿಡಿ" ಎಂದು ಅತ್ತಿಗೆ ನಗಲು ನೋಡಿದಳು. ನೆಟ್‌ನವನು ಬಂದು ಎರಡು ಕೊಂಬಿನ ಬಿಳಿ ಡಬ್ಬಿಯನ್ನು ಗೋಡೆಗೆ ಹೊಡೆದ. ಹಳೆಯ ಕಂಪ್ಯೂಟರಿಗೆ ಗಾಳಿಯಲ್ಲಿ ಬರುವ ನೆಟ್ ಹಿಡಿಯುವ ಶಕ್ತಿ ಇರಲಿಲ್ಲ. ಅದರ ಬೆನ್ನಿಗೆ ಉಗುರಿನಷ್ಟು ಸಣ್ಣದೊಂದು ತುಂಡು ಸಿಕ್ಕಿಸಿದ. ಮೇಜು, ಕಂಪ್ಯೂಟರ್, ಕುರ್ಚಿ ಎಲ್ಲ ಒಳಕೋಣೆಗೆ ಹೋದವು. ಮೊದಲು ಒಂದೇ ಕಡ್ಡಿ ಸಿಗ್ನಲ್ ತೋರಿಸಿತು, ಮೇಜನ್ನು ಎದುರು ಗೋಡೆಗೆ ಸರಿಸಿದ ಮೇಲೆ ಮೂರಾಯಿತು.

"ಪಾಸ್‌ವರ್ಡ್ ಏನಿಡ್ಲಿ ಮೇಡಂ?" ಎಂದು ನೆಟ್‌ನವನು ಕೇಳಿದ. ಮನೆಯ ಇಂಥದ್ದನ್ನೆಲ್ಲ ತೀರ್ಮಾನ ಮಾಡುತ್ತಿದ್ದವನು ಅಣ್ಣ. ಅಭ್ಯಾಸಬಲದಿಂದ ಅತ್ತಿಗೆ ಅವನ ಕಡೆ ತಿರುಗಿದಳು. ಅಣ್ಣ ಬಹಳ ಹೊತ್ತು ತಿಣುಕಾಡಿ "ಲೈನಲ್ಲೇ ಇರಿ" ಎಂದ. ಪಾಪ, ಅವನು ನಿಜವಾಗಿ ಯಾವುದೋ ಪಾಸ್‌ವರ್ಡ್ ಹೇಳಲು ಹೊರಟಿದ್ದನೋ, ಹೋಗಬೇಡ ಎನ್ನಲು ಹೊರಟಿದ್ದನೋ. ನೆಟ್‌ನವನು "ಸೂಪರ್ ಸರ್" ಎಂದು ಅದನ್ನೇ ಹಾಕಿ, ನೀಲಿ ವೈರನ್ನು ಸುತ್ತಿ ಚೀಲಕ್ಕೆ ತುರುಕಿಕೊಂಡು ಹೋದ.

ಕಂಪನಿಗೆ ಸಂತೋಷವಾಯಿತು. ಅತ್ತಿಗೆ ಬಾಗಿಲು ಹಾಕಿಕೊಂಡು ಕೆಲಸ ಮಾಡಿದಳು, ಬಿಡುವಿಗೊಮ್ಮೆ ಹೊರಗೆ ಓಡಿ ಬಂದು ಅವನಿಗೆ ನೀರು ಕುಡಿಸಿದಳು, ಮಗ್ಗುಲು ಬದಲಿಸಿದಳು, ಮತ್ತೆ ಓಡಿದಳು. ಅಣ್ಣ ಮಾತ್ರ ದಿನದಿಂದ ದಿನಕ್ಕೆ ಮಂಕಾದ. ಮೊದಲು "ಕ್ಷಮೆ" ಹೋಯಿತು, ಆಮೇಲೆ "ದಯವಿಟ್ಟು" ಹೋಯಿತು. ರಜೆಯ ದಿನ ಹೋಗಿ ನಾನು ಊರಿನ ಸುದ್ದಿಯೆಲ್ಲ ಒದರಿದರೂ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನನ್ನ ಮಾತು ಅವನಿಗೆ ಬೇಕಿರಲಿಲ್ಲ. ಸಿಟ್ಟು ಬರುತ್ತಿತ್ತು, ಆದರೆ ಯಾರನ್ನು ಬೈಯಲಿ?

ಟೀಚರ್ ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ. "ಪಕ್ಕದಲ್ಲಿ ಕೂತು ಮಾತಾಡ್ತಿದ್ರಲ್ಲ, ಅದೇ ಅವರಿಗೆ ಪಾಠ ಆಗಿತ್ತು. ಹೀಗೇ ಬಿಟ್ರೆ ಇನ್ನು ಬರೋದು ಕಷ್ಟ" ಎಂದು ನೇರವಾಗಿ ಹೇಳಿಬಿಟ್ಟಳು. ಅತ್ತಿಗೆ ಒಲೆಯ ಮುಂದೆ ಹೋಗಿ ನಿಂತಳು.

ಮರುದಿನ ನಾನು ಹೋದಾಗ ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳ ದನಿ ಹಜಾರಕ್ಕೆ ಸ್ಪಷ್ಟವಾಗಿ ಬರುತ್ತಿತ್ತು. ಅಣ್ಣ ಕಣ್ಣು ಬಿಟ್ಟ. ತುಟಿ ಅಲುಗಿತು. "ದಯ" ಎಂದ, ದನಿ ದೊಡ್ಡದಾಗಿಯೇ ಬಂತು. ನಾನು ಹೇಳು ಹೇಳು ಎಂದು ತಲೆಯಾಡಿಸಿದೆ. ಅವನು ಎಡಗೈಯಿಂದ ಬಾಯಿ ಮುಚ್ಚಿಕೊಂಡ.

ಆಮೇಲೆ ಮಂಚದಿಂದ ಕಾಲು ಇಳಿಬಿಟ್ಟ. ಹಿಡಿಯಲು ಹೋದ ನನ್ನ ಕೈಯನ್ನು ತಳ್ಳಿದ. ಒಬ್ಬನೇ ಒಂದು ಹೆಜ್ಜೆಯನ್ನೂ ಇಡದಿದ್ದವನು ಗೋಡೆಗೆ ಭುಜ ಒತ್ತಿಕೊಂಡು, ಬಲಗಾಲು ಎಳೆಯುತ್ತ ಹೋಗಿ, ಸದ್ದಾಗದ ಹಾಗೆ ಬಾಗಿಲನ್ನು ಮುಂದಕ್ಕೆ ಎಳೆದ. ವಾಪಸ್ ಬಂದು ಕೂತಾಗ ಮೈಯೆಲ್ಲ ಬೆವರಿತ್ತು.

ಬಿಡುವಿನಲ್ಲಿ ಅತ್ತಿಗೆ ಕೆಂಪೇರಿದ ಮುಖದಲ್ಲಿ ಹೊರಗೆ ಬಂದಳು. "ಬಾಗಿಲು ಯಾಕೆ ಹಾಕಿದ್ರಿ? ಕೆಲಸ ಹೋದ್ರೆ ಹೋಗ್ಲಿ, ಇವರಿಗೆ ನನ್ನ ಮಾತು ಕೇಳ್ಲಿ ಅಂತ ತೆಗೆದಿಟ್ಟಿದ್ದೆ."

"ನಾನಲ್ಲ ಅತ್ತಿಗೆ. ಅಣ್ಣ. ಅವನೇ ಎದ್ದು ಹೋಗಿ ಹಾಕಿದ."

ಅವಳು ಅವನನ್ನೇ ನೋಡುತ್ತ ನಿಂತಳು. ಗಂಡ ತಾನಾಗಿ ನಡೆದನೆಂದು ಸಂತೋಷಪಡಬೇಕಾದ ಗಳಿಗೆ ಅದು. ಅಣ್ಣ ಎಡಗೈ ಎತ್ತಿ ಗಡಿಯಾರ ತೋರಿಸಿದ, ಆಮೇಲೆ ಒಳಕೋಣೆ ತೋರಿಸಿದ. ಅವಳು ಕದಲಲಿಲ್ಲ. ಅವನು ಇನ್ನೊಮ್ಮೆ, ಸ್ವಲ್ಪ ಗದರಿಸುವ ಹಾಗೆ, ಅದೇ ಸನ್ನೆ ಮಾಡಿದ.

ಅತ್ತಿಗೆ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿ ಒಳಗೆ ಹೋದಳು. ಈ ಸಲ ಬಾಗಿಲನ್ನು ಅವಳೇ ಹಾಕಿಕೊಂಡಳು.