ತೂತಿನ ಬಿಲ್ಲೆ ಸುಮ್ಮನಾದಾಗ

ಶಹಾಪುರದಲ್ಲಿ ಮೋಮೋ ಎಲ್ಲಿ ಚಲೋ ಸಿಗುತ್ತದೆ ಎಂದು ಪರವೂರಿನವರು ನನ್ನ ಸ್ಟೋವ್ ರಿಪೇರಿ ಅಂಗಡಿಯ ಮುಂದೆ ನಿಂತು ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ, ಬೆರಳು ತೋರಿಸುತ್ತೇನೆ. ರಸ್ತೆಯ ಆಚೆ, ಬೇವಿನ ಮರದ ಕೆಳಗೆ ಆವಿ ಏಳುವ ತಳ್ಳುಗಾಡಿ ಮದೀನಾಬೀಯದು. ಗಂಡ ಸತ್ತ ಮೇಲೆ ಹೈದರಾಬಾದಿನ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕುತ್ತಾ, ನೇಪಾಳಿ ಅಡುಗೆಯವನ ಕೈ ನೋಡಿ ನೋಡಿಯೇ ಕಲಿತು ಬಂದವಳು. ಹುಣಸಗಿಗೆ ಹೋಗುವವರು ಬಸ್ಸು ಬಿಟ್ಟಾರು, ಅವಳ ತಾಟು ಬಿಡರು. ಊರ ಬಾಯಲ್ಲಿ ಅದು ಮೋಮೋ ಅಲ್ಲ, ‘ಮದೀನಾಬೀ ಕಡಬು’.

ಅವಳದು ಮೂರಂತಸ್ತಿನ ಅಲ್ಯೂಮಿನಿಯಂ ಪಾತ್ರೆ. ತಳದಲ್ಲಿ ನೀರು, ಮೇಲೆ ತೂತಿನ ತಟ್ಟೆಗಳು. ನೀರೆಷ್ಟಿದೆ ಎಂದು ಪದೇ ಪದೇ ಎತ್ತಿ ನೋಡಿದರೆ ಕಡಬು ಹಸಿ ಉಳಿಯುತ್ತದೆ. ಅದಕ್ಕೇ ನೀರಿನೊಳಗೆ ಒಂದು ಬಿಲ್ಲೆ ಹಾಕಿದ್ದಳು. ಅವಳ ತಾಯಿಯದು, ನಿಜಾಮರ ಕಾಲದ ತೂತಿನ ಪೈಸೆ. ನೀರು ಕುದಿಯುತ್ತಿರುವಷ್ಟು ಹೊತ್ತೂ ಕಟಕಟ ಕುಣಿಯುತ್ತದೆ. ಸುಮ್ಮನಾಯಿತೋ, ನೀರು ಬತ್ತಿತೆಂದೇ ಅರ್ಥ.

ಆಷಾಢದ ಒಂದು ಸಂಜೆ ಅದು ಸುಮ್ಮನಾಯಿತು. ರಸ್ತೆಯ ಈಚೆ ಕೂತ ನನಗೆ ತಿಳಿಯಿತು. ಅವಳು ಕಡಬಿಗೆ ನಿರಿಗೆ ಹಿಡಿಯುತ್ತಲೇ ಇದ್ದಳು.

“ತಂಗೀ, ಬಿಲ್ಲಿ ಸುಮ್ಮನಾಗ್ಯದ ನೋಡು!”

ಮೂರನೆಯ ಕೂಗಿಗೆ ತಿರುಗಿದಳು. “ಗಾಳಿರೀ, ರಂಗಣ್ಣಾ. ಈ ಗಾಳ್ಯಾಗ ಏನ್ ಕೇಳ್ತದರಿ,” ಎಂದು ನೀರು ಸುರಿದಳು. ಗಾಳಿ ನನ್ನ ಕಡೆಗೂ ಅಷ್ಟೇ ಬೀಸುತ್ತಿತ್ತು.

ಶ್ರಾವಣಕ್ಕೆ ಪಾತ್ರೆಯೊಳಗೆ ಇನ್ನೊಂದು ಬಿಲ್ಲೆ ಸೇರಿತು. ಆಮೇಲೆ ನನ್ನ ಹತ್ತಿರವೇ ಬಂದು, ಗಾಡಿಗೆ ಬೇಕೆಂದು ಕಬ್ಬಿಣದ ದಪ್ಪ ನಟ್ಟೊಂದನ್ನು ಒಯ್ದಳು. ಮರುದಿನ ಅದೂ ಪಾತ್ರೆಯೊಳಗೆ ದಡಬಡಿಸುತ್ತಿತ್ತು.

ಬಳೆ ಮಾರುವ ಭೀಮಾಬಾಯಿ ತಾಟು ಹಿಡಿದು, “ಏನಬೇ ಮದೀನಾ, ಒಳಗ ಕುದುರಿ ಕಟ್ಟಿಯೇನು? ನನಗ ಖಾರ ಕಮ್ಮಿ ಹಾಕಬೇ,” ಎಂದಳು.

ಮದೀನಾಬೀ ನಕ್ಕು ಇನ್ನೊಂದು ಸೌಟು ಚಟ್ನಿ ಸುರಿದಳು.

“ಕಮ್ಮಿ ಅಂದ್ರ ಹೆಚ್ಗಿ ಹಾಕ್ತಿ. ನನ್ನ ಗಂಡನಂಗ ಆದಿ ನೋಡು ನೀನೂ!”

ಎಲ್ಲರೂ ನಕ್ಕರು.

ಜನ ಕರಗಿದ ಮೇಲೆ ಹತ್ತಿರ ಹೋಗಿ, ಡಾಕ್ಟರಿಗೆ ಕಿವಿ ತೋರಿಸು ಎಂದು ಗಟ್ಟಿಯಾಗಿ ಹೇಳಿದೆ. ಅವಳ ಮುಖ ಬಿಳಿಚಿತು.

“ರುಕ್ಸಾನಾಗ ಹೇಳಬ್ಯಾಡ್ರಿ. ಗಾಡಿ ಮಾರಿಸಿ ಸುರಪುರಕ್ಕ ಎಳಕೊಂಡು ಹೋಗ್ತಾಳ. ಮಗಳ ಮನಿ ಮೂಲ್ಯಾಗ ಕುಂತು ರೊಟ್ಟಿ ಮುರಿಯಾಕ ನಾ ಇನ್ನಾ ಮುದುಕಿ ಆಗಿಲ್ರಿ.”

ಹೇಳಿದರೆ ಅವಳ ದುಡಿಮೆ ಹೋಗುತ್ತದೆ. ಹೇಳದಿದ್ದರೆ? ಸಿಲಿಂಡರು ಅವಳ ಮೊಣಕಾಲಿಗೆ ತಾಗಿಯೇ ನಿಂತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮುಂದಿನ ಸಂತೆಯ ದಿನ ರಸ್ತೆ ತುಂಬ ಲಾರಿ, ಹಾರ್ನು. ನಟ್ಟು ಯಾವಾಗ ಸುಮ್ಮನಾಯಿತೋ ನನಗೂ ತಿಳಿಯಲಿಲ್ಲ. ಕಮಟು ವಾಸನೆ ಮೂಗಿಗೆ ಬಡಿದಾಗ ತಲೆ ಎತ್ತಿದೆ. ಪಾತ್ರೆಯಿಂದ ಏಳುತ್ತಿದ್ದದ್ದು ಆವಿಯಲ್ಲ, ಕರಿ ಹೊಗೆ. ಪಾತ್ರೆ ಸೊಂಟ ಮುರಿದವರಂತೆ ಗ್ಯಾಸಿನ ಪೈಪಿನ ಕಡೆಗೆ ವಾಲುತ್ತಿತ್ತು. ಅವಳು ಅತ್ತ ಬೆನ್ನು ಮಾಡಿ ಕೋಸು ಹೆಚ್ಚುತ್ತಿದ್ದಳು.

ಕೂಗುತ್ತಾ ಓಡಿದೆ. ತಿರುಗಲಿಲ್ಲ. ಸಿಲಿಂಡರು ಬಂದ್ ಮಾಡಿ ಭುಜ ಹಿಡಿದಾಗಲೇ ಬೆಚ್ಚಿದಳು.

ತಾಯಿಯ ಬಿಲ್ಲೆ ಪಾತ್ರೆಯ ಕರಗಿದ ತಳದಲ್ಲಿ ಹೂತು ಹೋಗಿತ್ತು. ಚಾಕು ಹಾಕಿ ಮೀಟಿದಳು, ಬರಲಿಲ್ಲ.

ಎರಡು ದಿನ ಬೇವಿನ ಕೆಳಗೆ ಯಾರೂ ಇರಲಿಲ್ಲ. ಮೂರನೆಯ ದಿನ ಹೊಸ ಪಾತ್ರೆ ತಂದಳು. ಒಳಗೆ ಅದೇ ನಟ್ಟು. ಸೊಂಟವನ್ನು ಗಾಡಿಯ ಹಲಗೆಗೆ ಒತ್ತಿ ನಿಂತು ಕಡಬು ಮಾಡುತ್ತಿದ್ದಳು.

“ಈಗ ಕಿವಿ ಯಾತಕ್ಕ ಬೇಕ್ರಿ ರಂಗಣ್ಣಾ? ನಟ್ಟು ಕುಣದ್ರ ಹಲಗಿ ನಡಗತದ. ಮೈಗೇ ಗೊತ್ತಾಗ್ತದ,” ಎಂದು ಗೆದ್ದವಳಂತೆ ನಕ್ಕಳು.

ಅಂಗೈ ಇಟ್ಟು ನೋಡಿದೆ. ನಿಜ, ನಡುಗುತ್ತಿತ್ತು. ಅಷ್ಟರಲ್ಲಿ ಅವಳು ತಟ್ಟೆ ಬದಲಿಸಲು ಒಲೆ ಆರಿಸಿದಳು. ನಟ್ಟು ಸುಮ್ಮನಾಯಿತು. ರಸ್ತೆಯಲ್ಲಿ ಲಾರಿಯೊಂದು ಹಾದು ಹೋಯಿತು. ಹಲಗೆ ಮೊದಲಿನಂತೆಯೇ ನಡುಗಿತು.

ಅಂದೇ ನನ್ನ ಮಣೆಯನ್ನು ರಸ್ತೆ ದಾಟಿಸಿ ಅವಳ ಸಿಲಿಂಡರಿನ ಪಕ್ಕ ಹಾಕಿಕೊಂಡೆ. ಸದ್ಯಕ್ಕೆ ನಟ್ಟಿನ ಸದ್ದು ನನಗೆ ಕೇಳುತ್ತಿದೆ. ನನಗೂ ಎಪ್ಪತ್ಮೂರು ತುಂಬಿತು.